ಗಾನಿಶನ ಲ್ಯಾಂಟರ್ನ್ ಬೆಟ್ಟ

ಪಾಸ್ಕಲಿನ್ ಇರಿಬಾರ್ನೆ ಕ್ಲೋವರ್ ಸ್ಟೇಷನ್ನಿನ ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ದುಡಿದವಳು. ಊರಿನಲ್ಲಿ ಮೂವತ್ತು ದಾಟದ ಯಾರನ್ನು ಕೇಳಿದರೂ ಅವಳ ಕೈಯ ಕೆಂಪು ಬೀನ್ಸಿನ ಸಾರು ಉಂಡು ಬೆಳೆದವರೇ. ಗಟ್ಟಿ ಮೈಕಟ್ಟು, ಅದಕ್ಕಿಂತ ಗಟ್ಟಿ ಗಂಟಲು. ತಟ್ಟೆಯಲ್ಲಿ ಉಳಿಸಿ ಎದ್ದ ಮಕ್ಕಳನ್ನು ಹೆಸರು ಹಿಡಿದು ಕೂಗಿ ಮತ್ತೆ ಕೂರಿಸುತ್ತಿದ್ದಳು. ಇಂಥವಳು ಜಗತ್ತಿನಲ್ಲಿ ಹೆದರುತ್ತಿದ್ದುದು ಒಬ್ಬನಿಗೇ. ಅವಳಿಗಿಂತ ಎಂಟು ವರ್ಷ ದೊಡ್ಡವನಾದ ಅಣ್ಣ ಗಾನಿಶನಿಗೆ. ಅದೂ ಅವನು ಬೈಯುತ್ತಾನೆಂದಲ್ಲ, ಬೈಯದೆ ಸುಮ್ಮನಾಗಿಬಿಡುತ್ತಾನೆ ಎಂದು.

ಇವರ ಅಪ್ಪ ಸಮುದ್ರದಾಚೆಯ ಬಾಸ್ಕ್ ನಾಡಿನಿಂದ ಕುರಿ ಕಾಯಲು ನೆವಾಡಾಕ್ಕೆ ಬಂದವನು. ಅವನ ಕಾಲಕ್ಕೇ ಕುರಿಮಂದೆಗಳು ಕರಗಿದವು. ಗಾನಿಶ್ ಚಿನ್ನದ ಗಣಿಗೆ ಇಳಿದ. ನೆಲದೊಳಗೆ ಮೂವತ್ತೊಂದು ವರ್ಷ ಕಲ್ಲು ಕೊರೆದ. ಮದುವೆ ಮಾಡಿಕೊಳ್ಳಲಿಲ್ಲ. ತಂಗಿಯ ಮನೆಯಿಂದ ಎರಡು ಬೀದಿ ಆಚೆ ಇದ್ದ. ಭಾನುವಾರ ಮಧ್ಯಾಹ್ನದ ಊಟ ಅವಳ ಮನೆಯಲ್ಲಿ, ಗುರುವಾರ ಸಂಜೆ ಗಣಿಯ ಗೆಳೆಯ ಡೆಲ್ಮರನ ಜೊತೆ ಇಸ್ಪೀಟು. ವರ್ಷಕ್ಕೊಮ್ಮೆ, ವಸಂತದಲ್ಲಿ, ಜಿಂಕೆಯ ಅರ್ಜಿ.

ಆ ಸೀಮೆಯ ಮ್ಯೂಲ್ ಜಾತಿಯ ಜಿಂಕೆ ಹೊಡೆಯಲು ಟ್ಯಾಗ್ ಎಂಬ ಪರವಾನಗಿ ಚೀಟಿ ಬೇಕು. ಒಂದು ಟ್ಯಾಗಿಗೆ ಒಂದು ಜಿಂಕೆ. ಸರ್ಕಾರ ಚೀಟಿ ಎತ್ತಿದಾಗ ಹೆಸರು ಬಂದವರಿಗೆ ಮಾತ್ರ ಅದು ಸಿಗುತ್ತದೆ. ಅರ್ಜಿಯಲ್ಲಿ ಐದು ಜಾಗಗಳನ್ನು ಇಷ್ಟದ ಕ್ರಮದಲ್ಲಿ ಬರೆಯಬಹುದು. ಎಲ್ಲೂ ಬರದಿದ್ದರೆ ಆ ವರ್ಷಕ್ಕೊಂದು ಪಾಯಿಂಟು ಸೇರುತ್ತದೆ, ಪಾಯಿಂಟು ಹೆಚ್ಚಿದಷ್ಟೂ ಮುಂದಿನ ಸಲ ಹೆಸರು ಬರುವ ಆಸೆ ಹೆಚ್ಚು. ಐದರಲ್ಲಿ ಯಾವುದೋ ಒಂದು ಬಂತೆಂದರೆ ಕೂಡಿಟ್ಟ ಪಾಯಿಂಟೆಲ್ಲ ಸೊನ್ನೆ.

ಆದ್ದರಿಂದಲೇ ಗಾನಿಶ್ ಐದರಲ್ಲಿ ನಾಲ್ಕನ್ನು ಖಾಲಿ ಬಿಡಿಸುತ್ತಿದ್ದ. ಅವನಿಗೆ ಬೇಕಿದ್ದುದು ಒಂದೇ ಜಾಗ, ಲ್ಯಾಂಟರ್ನ್ ಬೆಟ್ಟ. ಒಂಬತ್ತು ಸಾವಿರ ಅಡಿ ಎತ್ತರ. ಗಾಡಿ ನಿಂತ ಮೇಲೆ ಮೂರು ಗಂಟೆ ಹತ್ತಬೇಕು. ಇಡೀ ಬೆಟ್ಟಕ್ಕೆ ವರ್ಷಕ್ಕೆ ಬೆರಳೆಣಿಕೆಯಷ್ಟು ಟ್ಯಾಗ್. ಅಣ್ಣ ತಂಗಿ ಒಂದೇ ಅರ್ಜಿಯಲ್ಲಿ ಜೋಡಿಯಾಗಿ ಹೆಸರು ಹಾಕುತ್ತಿದ್ದುದರಿಂದ ಬಂದರೆ ಇಬ್ಬರಿಗೂ ಒಟ್ಟಿಗೆ ಬರಬೇಕು, ಇಲ್ಲದಿದ್ದರೆ ಇಬ್ಬರಿಗೂ ಇಲ್ಲ. ಇಪ್ಪತ್ತೆರಡು ವರ್ಷ ಇಬ್ಬರಿಗೂ ಇಲ್ಲ.

ಕಂಪ್ಯೂಟರಿನ ಮುಂದೆ ಕೂರುವವಳು ಪಾಸ್ಕಲಿನ್. ಪ್ರತಿ ವರ್ಷ ಅದೇ ಜಗಳ.

"ಎರಡನೇದಾದ್ರೂ ಒಂದು ಬರೆಯೋಣ ಅಣ್ಣ. ಸಾಲ್ಟ್ ವೆಲ್ಸ್ ಬರೆಯೋಣ. ಮನೆಯಿಂದ ಮುಕ್ಕಾಲು ಗಂಟೆ ದಾರಿ. ಬೆಳಗ್ಗೆ ಹೋಗಿ ಮಧ್ಯಾಹ್ನಕ್ಕೆ ಮಾಂಸ ಹಾಕ್ಕೊಂಡು ಬರಬಹುದು."

"ಮಾಂಸ ಬೇಕಿದ್ರೆ ಅಂಗಡಿಗೆ ಹೋಗೇ."

"ಇಪ್ಪತ್ತು ವರ್ಷದಿಂದ ನನ್ನ ರೈಫಲ್ಲು ಜಿಂಕೆ ಮುಖ ನೋಡಿಲ್ಲ."

"ನಿನ್ನ ರೈಫಲ್ಲಿಗೆ ನಾಚಿಕೆ ಇಲ್ಲ, ಅದು ಯಾವುದನ್ನ ಬೇಕಾದ್ರೂ ನೋಡತ್ತೆ. ಲ್ಯಾಂಟರ್ನ್ ಒತ್ತು. ಉಳಿದದ್ದು ಖಾಲಿ ಬಿಡು. ಒತ್ತಿದ್ಯಾ?"

"ಒತ್ತಿದೆ."

"ತೋರಿಸು."

ಹೀಗೆ ಬಗ್ಗಿ ನೋಡಿ, ತೃಪ್ತಿಯಾದ ಮೇಲೆ ಕಾಫಿ ಕೇಳುತ್ತಿದ್ದ. ಊರಿನವರೆಲ್ಲ ನಗುತ್ತಿದ್ದರು. ಡೆಲ್ಮರ್ ಅಂತೂ, "ಆ ಬೆಟ್ಟದ ಜಿಂಕೆಗಳಿಗೆ ನಿನ್ನ ಹೆಸರು ಬಾಯಿಪಾಠ ಕಣೋ. ಅಜ್ಜಿ ಜಿಂಕೆ ಮೊಮ್ಮಕ್ಕಳಿಗೆ ಹೇಳ್ತಿರತ್ತೆ, ಗಾನಿಶ್ ಬರ್ತಾನೆ, ಗಾನಿಶ್ ಬರ್ತಾನೆ ಅಂತ. ಅವಕ್ಕೂ ಈಗ ನಂಬಿಕೆ ಹೋಗಿದೆ," ಎನ್ನುತ್ತಿದ್ದ. ಗಾನಿಶ್ ಇಸ್ಪೀಟಿನಿಂದ ಕಣ್ಣೆತ್ತದೆ ನಗುತ್ತಿದ್ದ.

ಅವನ ಉಸಿರು ಕೆಟ್ಟಿದ್ದು ನಾಲ್ಕು ವರ್ಷದ ಹಿಂದೆ. ಕಲ್ಲಿನ ಧೂಳು ಕುಡಿದ ಶ್ವಾಸಕೋಶ ಒಳಗೊಳಗೇ ಗಟ್ಟಿಯಾಗುತ್ತ ಬಂತು. ಮೊದಲು ಮೆಟ್ಟಿಲಲ್ಲಿ ನಿಲ್ಲತೊಡಗಿದ, ಆಮೇಲೆ ಬೀದಿಯಲ್ಲಿ. ಕಳೆದ ಚಳಿಗಾಲದಿಂದ ಮೂಗಿಗೆ ಆಕ್ಸಿಜನ್ ನಳಿಕೆ. ಏಪ್ರಿಲ್ ಕೊನೆಯಲ್ಲಿ ಪಾಸ್ಕಲಿನ್ ಅವನನ್ನು ರೀನೋದ ದೊಡ್ಡ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಡಾಕ್ಟರು ಎಕ್ಸ್‌ರೇ ಫಿಲ್ಮು ತೋರಿಸಿ ಇಬ್ಬರಿಗೂ ಹೇಳಿದರು. ಗಾನಿಶ್ ತಲೆಯಾಡಿಸುತ್ತ ಕೇಳಿ, ಎದ್ದು ಬಚ್ಚಲಿಗೆ ಹೋದ. ಆಗ ಅವಳು ನೇರವಾಗಿ ಕೇಳಿದಳು. ಡಾಕ್ಟರೂ ನೇರವಾಗಿಯೇ ಹೇಳಿದರು: "ಮುಂದಿನ ವಸಂತ ನೋಡ್ತಾರೆ ಅಂತ ನನಗೆ ಅನ್ನಿಸಲ್ಲ."

ವಾಪಸು ಬರುವಾಗ ಮುನ್ನೂರು ಮೈಲಿ ದಾರಿಯಲ್ಲಿ ಅವನು ಮಾತಾಡಿದ್ದು ಒಂದೇ ವಿಷಯ.

"ಈ ಸಲ ಇಪ್ಪತ್ತೆರಡು ಪಾಯಿಂಟು ಪಾಸ್ಕ. ಈ ಸಲ ಬರತ್ತೆ ನೋಡು. ಅರ್ಜಿ ಹಾಕಿದ್ಯಾ?"

"ಇನ್ನೂ ಒಂದು ವಾರ ಇದೆ. ಹಾಕ್ತೀನಿ."

"ನಾನು ಬಂದು ನೋಡೋಕಾಗಲ್ಲ, ನಿನ್ನ ಮನೆ ಮೆಟ್ಟಿಲು ಜಾಸ್ತಿ. ನೀನೇ ಹಾಕಿಬಿಡು. ಗೊತ್ತಲ್ಲ?"

"ಗೊತ್ತು."

ಕೊನೆಯ ದಿನಕ್ಕೆ ಹಿಂದಿನ ಮಧ್ಯಾಹ್ನ ಅವಳು ಕಂಪ್ಯೂಟರಿನ ಮುಂದೆ ಕೂತಳು. ಅಣ್ಣ ಹೇಳಿದಂತೆ ಮೊದಲ ಸಾಲಿನಲ್ಲಿ ಲ್ಯಾಂಟರ್ನ್ ಬೆಟ್ಟ ಹಾಕಿದಳು. ಎರಡನೆಯದಕ್ಕೆ ಸಾಲ್ಟ್ ವೆಲ್ಸ್ ಹಾಕಿದರೆ ಹೇಗೆ ಎಂದು ಯೋಚಿಸಿದಳು. ಸಾಲ್ಟ್ ವೆಲ್ಸಿನಲ್ಲಿ ಜಿಂಕೆಗಳು ಕುಡಿಯಲು ಬರುವ ನೀರಿನ ತೊಟ್ಟಿಯವರೆಗೆ ರಸ್ತೆ ಇದೆ. ಅವನಂಥವರು ನಿಲ್ಲಿಸಿದ ಗಾಡಿಯೊಳಗಿಂದಲೇ ಹೊಡೆಯಬಹುದೆಂದು ಸರ್ಕಾರ ಬೇರೆ ಪರವಾನಗಿ ಕೊಡುತ್ತದೆ, ಅದರ ಅರ್ಜಿಯನ್ನೂ ತಂದಿಟ್ಟಿದ್ದಳು. ಮೇಲಿನದು ಬರದಿದ್ದರೆ ಕೆಳಗಿನದು ಬರಬಹುದು.

ಆದರೆ ಮೇಲಿನದು ಬಂದುಬಿಟ್ಟರೆ?

ಇಪ್ಪತ್ತೆರಡು ವರ್ಷ ಬರಲಿ ಬರಲಿ ಎಂದು ಕಾದದ್ದು ಈ ವರ್ಷ ಬಂದುಬಿಟ್ಟರೆ ಏನಾಗುತ್ತದೆಂದು ಅವಳಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಅವನು ಹತ್ತುತ್ತಾನೆ. ಯಾರು ತಡೆದರೂ ಹತ್ತುತ್ತಾನೆ. ಗಾಡಿ ಬಿಟ್ಟು ಇನ್ನೂರು ಹೆಜ್ಜೆಗೆ ಕಲ್ಲಿನ ಮೇಲೆ ಕೂರುತ್ತಾನೆ, ಮತ್ತೆ ಏಳುತ್ತಾನೆ, ತುಟಿ ನೀಲಿಯಾದರೂ ಏಳುತ್ತಾನೆ. ಅವಳು ಅವನನ್ನು ಹೊತ್ತು ತರಲಾರಳು. ಅಲ್ಲಿ ಫೋನು ಸಿಗುವುದಿಲ್ಲ. ಅವಳು ಬಹಳ ಹೊತ್ತು ಕೂತಳು. ಆಮೇಲೆ ಮೊದಲ ಸಾಲಿನ ಲ್ಯಾಂಟರ್ನ್ ಬೆಟ್ಟವನ್ನು ಅಳಿಸಿ ಅಲ್ಲಿ ಸಾಲ್ಟ್ ವೆಲ್ಸ್ ಬರೆದಳು. ಉಳಿದ ನಾಲ್ಕು ಖಾಲಿ ಬಿಟ್ಟಳು. ಒತ್ತಿದಳು.

ಫಲಿತಾಂಶ ಮೇ ಕೊನೆಯ ವಾರ ಬಂತು. ಪಾಸ್ಕಲಿನ್ ಶಾಲೆಯಲ್ಲಿ ಆಲೂಗಡ್ಡೆ ಬೇಯಿಸುತ್ತಿದ್ದಾಗ ಫೋನು ಕಿಣಿಗುಟ್ಟಿತು. ನೋಡಿದರೆ ಇಬ್ಬರ ಹೆಸರೂ ಇತ್ತು. ಸಾಲ್ಟ್ ವೆಲ್ಸ್, ಅಕ್ಟೋಬರ್ ಐದರಿಂದ. ಏಪ್ರನ್ನೂ ಬಿಚ್ಚದೆ ಅಣ್ಣನ ಮನೆಗೆ ಹೊರಟಳು. ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು. ನಾವು ಗಾಡಿಯಲ್ಲೇ ಕೂತಿರೋಣ, ಫ್ಲಾಸ್ಕಿನಲ್ಲಿ ಸೂಪು ಒಯ್ಯೋಣ, ಚಿಕ್ಕಂದಿನ ಹಾಗೆ ಜಗಳವಾಡೋಣ ಎಂದೆಲ್ಲ.

ಗಾನಿಶ್ ಜಗಲಿಯ ಕುರ್ಚಿಯಲ್ಲಿದ್ದ. ನಳಿಕೆ ಬಾಗಿಲೊಳಗಿಂದ ಹಾವಿನಂತೆ ಬಂದು ಅವನ ಮೂಗು ಸೇರಿತ್ತು.

"ಏನೇ, ಮಕ್ಕಳಿಗೆ ಉಪವಾಸ ಹಾಕಿ ಬಂದ್ಯಾ?"

"ಅಣ್ಣ, ಬಂತು," ಎಂದಳು.

ಜೋಡಿಸಿಕೊಂಡಿದ್ದ ಮಾತಿನಲ್ಲಿ ಮೊದಲನೆಯದು ಅದೊಂದೇ ಹೊರಗೆ ಬಿದ್ದದ್ದು. ಮುಂದಿನದು ಬರುವಷ್ಟರಲ್ಲಿ ಅವನ ಮುಖ ಬದಲಾಗಿಹೋಗಿತ್ತು. ಗಣಿಯಲ್ಲಿ ಕಾಲು ಮುರಿದಾಗ ಅಳದವನು, ಅಪ್ಪನ ಮಣ್ಣಿನಲ್ಲಿ ಅಳದವನು, ಎರಡು ಕೈಯಲ್ಲೂ ಕುರ್ಚಿ ಹಿಡಿದು ಅಳತೊಡಗಿದ. ಅಳುತ್ತಲೇ ಜೇಬಿನಿಂದ ಫೋನು ತೆಗೆದ.

"ಲೋ ಡೆಲ್ಮರ್! ಬಂತು ಕಣೋ! ಲ್ಯಾಂಟರ್ನ್! ಹ್ಞೂಂ, ಇಬ್ಬರಿಗೂ. ಪಾಸ್ಕ ಇಲ್ಲೇ ನಿಂತಿದ್ದಾಳೆ. ನಿನ್ನ ಹೇಸರಗತ್ತೆ ಇನ್ನೂ ಇದೆಯೇನೋ? ನನ್ನನ್ನ ಹೊರತ್ತಾ ಅದು? ಹೊರಬೇಕು ಕಣೋ, ಈಗ ತೂಕ ಎಲ್ಲಿದೆ ನನಗೆ!"

ಅವನು ನಗುತ್ತ, ಕೆಮ್ಮುತ್ತ, ಉಸಿರಿಗೆ ನಿಲ್ಲುತ್ತ ಮಾತಾಡಿದ. ಆ ಫೋನು ಮುಗಿಯುವವರೆಗೆ ಪಾಸ್ಕಲಿನ್ ಏಪ್ರನ್ನಿನ ಅಂಚು ಹಿಡಿದು ನಿಂತಳು. ತಡೆಯಬಹುದಿತ್ತು. ತಡೆಯಲಾಗಲಿಲ್ಲ. ಅಷ್ಟು ಸಂತೋಷವನ್ನು ಅವನ ಮುಖದ ಮೇಲೆ ಅವಳು ಯಾವತ್ತೂ ನೋಡಿರಲಿಲ್ಲ.

ಫೋನು ಕೆಳಗಿಟ್ಟ ಮೇಲೆ ಹೇಳಿದಳು.

ಅವನು ಒಂದು ಗಳಿಗೆ ಅರ್ಥವಾಗದವನಂತೆ ನೋಡಿದ. "ಸಾಲ್ಟ್ ವೆಲ್ಸಾ? ಅದನ್ನ ಯಾರು ಬರೆದ್ರು?"

"ನಾನು."

"ಎರಡನೇದಾಗಿ ಬರೆದ್ಯಾ?"

"ಮೊದಲನೇದಾಗಿ. ಲ್ಯಾಂಟರ್ನ್ ಬರೀಲೇ ಇಲ್ಲ."

"ಯಾಕೆ?"

"ನಿನ್ನ ಕೈಲಿ ಹತ್ತಕ್ಕಾಗಲ್ಲ ಅಣ್ಣ. ಅಲ್ಲೇ ಸತ್ತು ಹೋಗ್ತಿದ್ದೆ."

"ಹೋಗ್ತಿದ್ದೆ," ಎಂದ ಗಾನಿಶ್. "ನಾನು ಹೋಗ್ತಿದ್ದೆ. ಎಲ್ಲಿ ಹೋಗಬೇಕು ಅಂತ ಅದೊಂದು ನನಗೆ ಬಿಟ್ಟಿದ್ದಿದ್ರೆ ಆಗ್ತಿತ್ತು. ನೀನು ಆಗಲೇ ನನ್ನ ಹೂತಾಯ್ತಲ್ಲೇ. ನೀರಿನ ತೊಟ್ಟಿ ಪಕ್ಕ."

ಅವಳು ಏನೋ ಹೇಳಲು ಹೋದಳು. ಅವನು ಕೈಯೆತ್ತಿ ತಡೆದು ಮತ್ತೆ ಫೋನು ತೆಗೆದ. "ಡೆಲ್ಮರ್... ಇಲ್ಲ ಕಣೋ. ನಾನೇ ತಪ್ಪಾಗಿ ಕೇಳಿಸ್ಕೊಂಡೆ. ಲ್ಯಾಂಟರ್ನ್ ಅಲ್ಲ. ಇಲ್ಲ, ಏನಿಲ್ಲ. ಇಡ್ತೀನಿ."

ಆಮೇಲೆ ಅವನು ತಂಗಿಯ ಜೊತೆ ಮಾತು ಬಿಟ್ಟ. ಹನ್ನೊಂದು ವಾರ. ಪಾಸ್ಕಲಿನ್ ದಿನವೂ ಊಟ ಒಯ್ದಳು. ಒಳಗಿಂದ ಬಾಗಿಲು ಹಾಕಿರುತ್ತಿತ್ತು. ಪಾತ್ರೆ ಮೆಟ್ಟಿಲ ಮೇಲಿಟ್ಟು ಬರುವಳು. ಮರುದಿನ ಅದೇ ಪಾತ್ರೆ ತೊಳೆದು, ಒರೆಸಿ, ಮುಚ್ಚಳ ಹಾಕಿ ಅದೇ ಮೆಟ್ಟಿಲ ಮೇಲಿರುತ್ತಿತ್ತು. ಊಟ ಉಂಡಿದ್ದಾನೋ ಚೆಲ್ಲಿದ್ದಾನೋ ತಿಳಿಯುವಂತಿರಲಿಲ್ಲ. ಒಂದು ದಿನ ಬೇಕೆಂದೇ ಉಪ್ಪು ಹಾಕದೆ ಕುರಿಮಾಂಸ ಬೇಯಿಸಿ ಒಯ್ದಳು, ಬೈಯುವುದಕ್ಕಾದರೂ ಬಾಗಿಲು ತೆಗೆಯಲಿ ಎಂದು. ಪಾತ್ರೆ ತೊಳೆದು ಬಂತು.

ಆಗಸ್ಟ್ ನಡುವೆ ಒಂದು ಬೆಳಗ್ಗೆ ಫೋನು ಮಾಡಿದ. "ಎಲ್ಕೋಗೆ ಹೋಗಬೇಕು. ಡೆಲ್ಮರ್ ಗಾಡಿ ರಿಪೇರಿಗೆ ಹೋಗಿದೆ. ಕರ್ಕೊಂಡು ಹೋಗ್ತೀಯಾ?"

"ಬಂದೆ," ಎಂದಳು. ಯಾಕೆ ಎಂದು ಕೇಳಲಿಲ್ಲ.

ಹೋದದ್ದು ಆ ಪಟ್ಟಣದ ವನ್ಯಜೀವಿ ಇಲಾಖೆಯ ಕಚೇರಿಗೆ. ಬೇಟೆ ಶುರುವಾಗುವ ಮೊದಲು ಟ್ಯಾಗ್ ಹಿಂದಿರುಗಿಸಿದರೆ ಪಾಯಿಂಟೆಲ್ಲ ವಾಪಸು ಸಿಗುತ್ತದೆ. ಗಾನಿಶ್ ಚಿಕ್ಕ ಸಿಲಿಂಡರನ್ನು ಹೆಗಲಿಗೆ ಹಾಕಿಕೊಂಡು, ಬಾಗಿಲಿಂದ ಕೌಂಟರಿನವರೆಗಿನ ಹತ್ತು ಹೆಜ್ಜೆಗೆ ಎರಡು ಸಲ ನಿಂತು, ಅಂಚೆಯಲ್ಲಿ ಬಂದಿದ್ದ ಟ್ಯಾಗನ್ನು ಕೌಂಟರಿನ ಮೇಲಿಟ್ಟ. ಅಲ್ಲಿದ್ದ ಹುಡುಗಿಗೆ ಇಪ್ಪತ್ತೈದರ ಒಳಗಿನ ವಯಸ್ಸು. ನಳಿಕೆ ನೋಡಿದಳು, ತಕ್ಷಣ ಕಣ್ಣು ಸರಿಸಿದಳು.

"ವಾಪಸು ಕೊಡೋಕೆ ಕಾರಣ ಏನು ಅಂತ ಹಾಕಲಿ ಸರ್? ಆರೋಗ್ಯ ಅಂತ ಹಾಕ್ಲಾ?"

"ಬೇಡ. ಜಾಗ ತಪ್ಪಾಗಿದೆ ಅಂತ ಹಾಕಿ."

ಹುಡುಗಿ ಅದನ್ನೇ ಬರೆದಳು. "ನಿಮ್ಮ ಇಪ್ಪತ್ತೆರಡು ಪಾಯಿಂಟೂ ವಾಪಸು ಬಂತು ಸರ್. ಮುಂದಿನ ವರ್ಷ ಎಲ್ಲಿಗೆ ಹಾಕ್ತೀರಿ?"

"ಲ್ಯಾಂಟರ್ನ್."

"ಅಯ್ಯೋ, ಒಳ್ಳೆ ಜಾಗ ಸರ್. ಇಷ್ಟು ಪಾಯಿಂಟಿಗೆ ಬಂದೇ ಬರತ್ತೆ." ಪರದೆ ನೋಡುತ್ತ ಇದ್ದವಳು ಖುಷಿಯಿಂದ ಹೇಳಿದಳು, "ಓ, ನಿಮಗೆ ಮೊದಲೇ ಒಂದ್ಸಲ ಲ್ಯಾಂಟರ್ನ್ ಬಂದಿತ್ತಲ್ಲ! ಎರಡು ಸಾವಿರದ ಒಂದರಲ್ಲಿ. ಆದ್ರೆ ಇಲ್ಲಿ 'ಬೇಟೆಗೆ ಹೋಗಲಿಲ್ಲ' ಅಂತ ಇದೆ."

"ಹೌದಾ? ಮರೆತುಹೋಗಿದೆ," ಎಂದ ಗಾನಿಶ್.

ಪಾಸ್ಕಲಿನ್ ಅವನ ಹಿಂದೆ ನಿಂತಿದ್ದಳು. ಎರಡು ಸಾವಿರದ ಒಂದರ ಅಕ್ಟೋಬರ್ ಅವಳು ಮರೆತಿರಲಿಲ್ಲ. ಆ ಬೇಸಿಗೆಯಲ್ಲಿ ಗಂಡ ವೇಡ್ ಬೇರೆಯವಳ ಜೊತೆ ಐಡಹೋಗೆ ಹೋಗಿದ್ದ. ಅಕ್ಟೋಬರ್ ಮೊದಲ ವಾರ, ಏಳು ತಿಂಗಳಿಗೇ ಹುಟ್ಟಿದ ಅವಳ ಮಗು ಎರಡನೆಯ ದಿನ ತೀರಿಕೊಂಡಿತು. ಹೆಣ್ಣುಮಗು. ಆಸ್ಪತ್ರೆಯಿಂದ ಬಂದು ಅಡುಗೆಮನೆಯ ನೆಲದ ಮೇಲೆ ಮಲಗಿದವಳು ಏಳಲಿಲ್ಲ. ಗಾನಿಶ್ ಬೂಟು ಹಾಕಿಕೊಂಡೇ ಒಳಗೆ ಬಂದು ಅವಳ ಪಕ್ಕ ನೆಲದ ಮೇಲೆ ಕೂತ. ಬೇಟೆಯ ದಿನಗಳೆಂದು ಅವಳಿಗೆ ಆಗಲೂ ಹೊಳೆದಿತ್ತು. ಕೇಳಿದ್ದಳು ಕೂಡ. "ಈ ಸಲ ನನಗೆ ಚೀಟಿ ಬರ್ಲಿಲ್ಲ ಕಣೇ, ಹೇಗಿದ್ರೂ ಖಾಲಿ," ಎಂದಿದ್ದ. ಹದಿನಾರು ದಿನ ಇದ್ದ. ಬೀನ್ಸು ಬೇಯಿಸಿದ, ಬಿಸಿನೀರಿನ ಹಂಡೆ ರಿಪೇರಿ ಮಾಡಿದ, ಮಗುವಿಗೆಂದು ತಂದಿದ್ದ ತೊಟ್ಟಿಲನ್ನು ಅವಳು ಮಲಗಿದ್ದಾಗ ಬಿಚ್ಚಿ ಎಲ್ಲಿಗೋ ಒಯ್ದ. ಮುಂದಿನ ವಸಂತದಲ್ಲಿ, "ಇನ್ನು ಮೇಲೆ ಇಬ್ಬರೂ ಜೋಡಿಯಾಗಿ ಅರ್ಜಿ ಹಾಕೋಣ. ನನ್ನದೂ ಸೊನ್ನೆ, ನಿನ್ನದೂ ಸೊನ್ನೆ, ಲೆಕ್ಕ ಸರಿಹೋಗತ್ತೆ," ಎಂದಿದ್ದ. ಅವನದು ಯಾಕೆ ಸೊನ್ನೆಯಾಯಿತೆಂದು ಅವಳು ಯಾವತ್ತೂ ಕೇಳಿರಲಿಲ್ಲ.

"ಮೇಡಂ, ನಿಮ್ಮ ಟ್ಯಾಗೂ ವಾಪಸಾ?" ಎಂದು ಹುಡುಗಿ ಕೇಳಿದಳು.

ಗಾನಿಶನೇ ಹೇಳಿದ: "ಅವಳದು ಇರಲಿ. ಅವಳು ಆರಿಸಿದ ಜಾಗ, ಅವಳು ಹೋಗಲಿ."

ಗಾಡಿಯಲ್ಲಿ ಕೂತು ಕೀಲಿ ತಿರುಗಿಸದೆ ಅವಳು ಕೇಳಿದಳು, "ನೀನು ಸುಳ್ಳು ಹೇಳಿದ್ಯಾ ಅಣ್ಣ? ಆವತ್ತು?"

"ಯಾವತ್ತು?"

"ಬೇಡ. ಗೊತ್ತಿಲ್ಲದವನ ಹಾಗೆ ಆಡಬೇಡ."

ಅವನು ಕಿಟಕಿಯಾಚೆ ನೋಡಿದ. "ನೀನು ನೆಲದ ಮೇಲೆ ಬಿದ್ದಿದ್ದೆ. ನಾನು ಏನು ಹೇಳಬೇಕಿತ್ತು? ಎದ್ದೇಳಮ್ಮಾ, ನನಗೆ ಜಿಂಕೆ ಕಾಯ್ತಿದೆ ಅಂತಲಾ?"

"ಆಮೇಲಾದ್ರೂ ಹೇಳಬಹುದಿತ್ತು. ಇಪ್ಪತ್ತಮೂರು ವರ್ಷ ಇತ್ತು."

"ಹೇಳಿದ್ರೆ ನೀನು ಅದನ್ನ ಹೊತ್ಕೊಂಡು ತಿರುಗ್ತಿದ್ದೆ. ನಿನ್ನ ಬುದ್ಧಿ ನನಗೆ ಗೊತ್ತಿಲ್ವಾ?" ಉಸಿರಿಗೆ ನಿಂತು ಮತ್ತೆ ಹೇಳಿದ, "ಗಾಡಿ ತೆಗಿ. ಸಿಲಿಂಡರ್ ಮುಗೀತಿದೆ."

ಪಾಸ್ಕಲಿನ್ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಅತ್ತಳು. ಅವನು ಸಮಾಧಾನ ಮಾಡಲಿಲ್ಲ. ಆದರೆ ಆ ದಿನದಿಂದ ಬಾಗಿಲು ತೆರೆದೇ ಇರುತ್ತಿತ್ತು. ಕ್ಷಮಿಸಿದ್ದೇನೆ ಎಂದು ಅವನೂ ಹೇಳಲಿಲ್ಲ, ಕ್ಷಮಿಸು ಎಂದು ಕೇಳಲು ಅವಳಿಗೂ ಧೈರ್ಯ ಬರಲಿಲ್ಲ. ಊಟ ಬಡಿಸುವಳು, ಅವನು ಉಪ್ಪು ಹೆಚ್ಚು, ಬೆಳ್ಳುಳ್ಳಿ ಕಡಿಮೆ ಎನ್ನುವನು.

ಸೆಪ್ಟೆಂಬರಿನಲ್ಲಿ ಅವನು ಬೆಟ್ಟವನ್ನು ಹತ್ತಿರದಿಂದ ನೋಡಬೇಕೆಂದ. ನೋಡಲು ಟ್ಯಾಗ್ ಬೇಡವಲ್ಲ. ನಾಲ್ಕು ಸಿಲಿಂಡರ್ ಹಾಕಿಕೊಂಡು ಪಾಸ್ಕಲಿನ್ ಗಾಡಿ ಹೋಗುವ ತುದಿಯವರೆಗೂ ಹೋದಳು. ಆದರೆ ಆ ವಾರ ಕ್ಯಾಲಿಫೋರ್ನಿಯಾದ ಕಾಡು ಉರಿಯುತ್ತಿತ್ತು, ಹೊಗೆಯೆಲ್ಲ ಇತ್ತ ಬಂದು ನಿಂತಿತ್ತು. ಎದುರಿನ ಆಸ್ಪೆನ್ ಮರಗಳಾಚೆ ಬೆಟ್ಟವೇ ಇರಲಿಲ್ಲ. ಬೂದು ಬಣ್ಣದ ಗೋಡೆಯಷ್ಟೇ. ಹೊಗೆ ಅವನಿಗೆ ಕೆಟ್ಟದ್ದು, ಕಿಟಕಿ ಇಳಿಸುವಂತಿಲ್ಲ. ಗಾನಿಶ್ ಗಾಜಿನೊಳಗಿಂದಲೇ ದುರ್ಬೀನು ಹಿಡಿದ.

"ಅದೋ ಅಲ್ಲಿ, ಎಡಕ್ಕೆ, ಕುದುರೆಲಾಳದ ಹಾಗೆ ಬೋಗುಣಿಯಂಥ ಒಂದು ತಗ್ಗು ಇದೆ. ಬೆಳಗ್ಗೆ ಅಲ್ಲಿ ಮೇಯ್ತಿರ್ತವೆ. ಬಿಸಿಲೇರಿದ್ರೆ ಮೇಲಿನ ಕಪ್ಪು ಬಂಡೆ ನೆರಳಿಗೆ ಹೋಗಿ ಮಲಗ್ತವೆ. ದೊಡ್ಡ ಗಂಡುಗಳು ಒಟ್ಟಿಗೆ ಇರಲ್ಲ, ಅವು ಇನ್ನೂ ಮೇಲೆ. ಕಂಡಿತಾ?"

"ಹ್ಞೂಂ ಅಣ್ಣ."

"ಸುಳ್ಳಿ. ಏನೂ ಕಾಣ್ತಿಲ್ಲ," ಎಂದ. ಆದರೂ ದುರ್ಬೀನು ಇಳಿಸಲಿಲ್ಲ. ಒಂದು ಗಂಟೆ ಹಾಗೆಯೇ ಹೊಗೆ ನೋಡಿದ. ಎರಡನೆಯ ಸಿಲಿಂಡರ್ ಮುಗಿಯುವಾಗ ಹೊರಟರು.

ಅಕ್ಟೋಬರ್ ಬರುವ ಹೊತ್ತಿಗೆ ಹಾಸಿಗೆಯಿಂದ ಜಗಲಿಯ ಕುರ್ಚಿಗೆ ಬರುವುದೇ ಅವನಿಗೆ ದಿನದ ಕೆಲಸವಾಗಿತ್ತು. ಪಾಸ್ಕಲಿನ್ ಅವನ ಮನೆಗೇ ಬಂದು ಉಳಿದಳು. ಸಾಲ್ಟ್ ವೆಲ್ಸಿಗೆ ಹೋಗುವುದಿಲ್ಲ ಎಂದು ಮೊದಲೇ ನಿಶ್ಚಯಿಸಿದ್ದಳು. ಅವನು ಬಿಡಲಿಲ್ಲ.

"ಒಂದು ಟ್ಯಾಗ್ ಈ ಮನೆಯಲ್ಲಿ ಆಗಲೇ ಹಾಳಾಗಿದೆ. ಎರಡನೇದು ಬೇಡ. ಹೋಗು. ಡೆಲ್ಮರ್ ಬಂದು ಕೂತ್ಕೋತಾನೆ. ಮಧ್ಯಾಹ್ನಕ್ಕೆ ಬಾ. ನೀನೇ ಹೇಳ್ತಿದ್ದಲ್ಲ, ಬೆಳಗ್ಗೆ ಹೋಗಿ ಮಧ್ಯಾಹ್ನಕ್ಕೆ ಬರಬಹುದು ಅಂತ."

ಐದನೆಯ ತಾರೀಕು ಶನಿವಾರ ಬೆಳಗ್ಗೆ ಹೋದಳು. ಜೊತೆಗಾರನಿಲ್ಲದೆ ಬೇಟೆಗೆ ಹೋದದ್ದು ಅದೇ ಮೊದಲು. ತೊಟ್ಟಿಯಿಂದ ಸ್ವಲ್ಪ ಮೇಲೆ ಜೂನಿಪರ್ ಮರದ ಬುಡದಲ್ಲಿ ಅಪ್ಪನ ಹಳೆಯ ರೈಫಲ್ ತೊಡೆಯ ಮೇಲಿಟ್ಟು ಕೂತಳು. ಒಂಬತ್ತರ ಸುಮಾರಿಗೆ ಒಂದು ಎಳೆಯ ಗಂಡು ಸೇಜ್ ಪೊದೆಗಳ ನಡುವಿನಿಂದ ನೀರಿಗೆ ಬಂತು. ಕೊಂಬಿಗೆ ಎರಡೇ ಕವಲು, ತಲೆಗಿಂತ ಕಿವಿ ದೊಡ್ಡದು. ಮೊದಲ ಗುಂಡು ಅದರ ಬೆನ್ನ ಮೇಲಿಂದ ಹಾರಿತು. ಜಿಂಕೆ ಓಡಲಿಲ್ಲ, ತಲೆಯೆತ್ತಿ ಅವಳತ್ತಲೇ ನೋಡಿತು. ಎರಡನೆಯದಕ್ಕೆ ಬಿತ್ತು. ಒಬ್ಬಳೇ ಹೊಟ್ಟೆ ಬಗೆದು, ತುಂಡು ಮಾಡಿ, ಮೂರು ಸಲ ಹೊತ್ತು ಗಾಡಿಗೆ ಹಾಕಿದಳು. ಎರಡು ಗಂಟೆಗೆ ಮನೆಯಲ್ಲಿದ್ದಳು.

ಗಾನಿಶ್ ಕಂಬಳಿ ಹೊದ್ದು ಜಗಲಿಯಲ್ಲಿ ಕಾಯುತ್ತಿದ್ದ. ಡೆಲ್ಮರ್ ಕೊಂಬು ನೋಡಿ, "ಇದು ಜಿಂಕೆಯಾ, ಮೊಲವಾ?" ಎಂದು ನಗಿಸಿ, ಹೆಗಲು ತಟ್ಟಿ ಹೊರಟ.

"ಎಷ್ಟು ದೂರ?" ಎಂದು ಗಾನಿಶ್ ಕೇಳಿದ.

"ನೂರೈವತ್ತು ಗಜ."

"ಒಂದೇ ಗುಂಡಾ?"

"ಎರಡು."

"ಎರಡಾ! ಅಪ್ಪ ಇದ್ದಿದ್ರೆ ರೈಫಲ್ ಕಿತ್ಕೊಂಡು ಸೌಟು ಕೊಡ್ತಿದ್ದ."

ಅವಳು ಯಕೃತ್ತನ್ನು ಈರುಳ್ಳಿ ಜೊತೆ ಹುರಿದು ತಂದಳು. ಅವನಿಂದ ಅಗಿಯಲಾಗಲಿಲ್ಲ. ಬ್ರೆಡ್ಡಿನ ತುಣುಕನ್ನು ಅದರ ರಸದಲ್ಲಿ ಅದ್ದಿ ಬಾಯಲ್ಲಿಟ್ಟುಕೊಂಡ. ತುಂಬ ಹೊತ್ತು ಹಾಗೆಯೇ ಇಟ್ಟುಕೊಂಡಿದ್ದ. ಆಮೇಲೆ ಕೇಳಿದ, "ನಾನು ಬಂದಿದ್ರೆ ಗಾಡಿ ಎಲ್ಲಿ ನಿಲ್ಲಿಸ್ತಿದ್ದೆ?"

"ತೊಟ್ಟಿಯ ಈಚೆ ಬದಿ. ಸೂರ್ಯ ನಿನ್ನ ಬೆನ್ನಿಗೆ ಬರೋ ಹಾಗೆ."

"ಕಿಟಕಿಯಿಂದ ಕಾಣ್ತಿತ್ತಾ?"

"ಕಾಣ್ತಿತ್ತು ಅಣ್ಣ. ನೇರ ನಿನ್ನ ಕಡೆಗೇ ನಡ್ಕೊಂಡು ಬಂತು."

ಅವನು ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕಿಟ್ಟ. "ಬರಬಹುದಿತ್ತು ನಾನು," ಎಂದ. ಅವಳ ಮುಖ ನೋಡಲಿಲ್ಲ. "ಸಿಟ್ಟಿತ್ತು. ಅದಕ್ಕೆ ಟ್ಯಾಗ್ ವಾಪಸು ಕೊಟ್ಟುಬಿಟ್ಟೆ."

ಅವಳು ಅವನ ಪಾದಗಳ ಮೇಲೆ ಕಂಬಳಿ ಸರಿಮಾಡಿದಳು. ಇಬ್ಬರೂ ಬಿಸಿಲು ಇಳಿಯುವವರೆಗೆ ಅಲ್ಲೇ ಕೂತಿದ್ದರು.

ಹದಿನಾಲ್ಕು ದಿನ ಕಳೆದು, ಮತ್ತೊಂದು ಶನಿವಾರ ಬೆಳಗ್ಗೆ ಗಾನಿಶ್ ತೀರಿಕೊಂಡ. ಬೆಟ್ಟದ ಮೇಲೆ ಹಿಮ ಬಿದ್ದಿದೆಯಾ ಎಂದು ಕೇಳಿದ್ದ. ಪಾಸ್ಕಲಿನ್ ಕಿಟಕಿಗೆ ಹೋಗಿ ನೋಡಿ, ಬಿದ್ದಿದೆ, ನೆತ್ತಿಯೆಲ್ಲ ಬೆಳ್ಳಗಾಗಿದೆ ಎಂದು ಹೇಳಿ ತಿರುಗುವಷ್ಟರಲ್ಲಿ ಅವನಿಗೆ ಕೇಳಿಸುತ್ತಿರಲಿಲ್ಲ. ಲ್ಯಾಂಟರ್ನಿನ ಬೇಟೆ ಮುಗಿಯಲು ಇನ್ನೂ ಎರಡು ದಿನವಿತ್ತು.

ಮಣ್ಣು ಮಾಡಿದ ಮೇಲೆ ಬಾಸ್ಕ್ ಸಂಘದ ಹಾಲಿನಲ್ಲಿ ಊಟ. ಸಂಘದ ಹೆಂಗಸರು ಪಾಸ್ಕಲಿನ್‌ಳ ಫ್ರೀಜರಿನಿಂದ ಜಿಂಕೆ ಮಾಂಸ ತೆಗೆದುಕೊಂಡು ಹೋಗಿ ಕೆಂಪು ವೈನು ಹಾಕಿ ಬೇಯಿಸಿದ್ದರು. ಊರಿಗೆ ಊರೇ ಉಂಡಿತು. ಯಾರೋ ದೂರದ ನೆಂಟನೊಬ್ಬ ತಟ್ಟೆ ಹಿಡಿದು ಬಂದು, "ಅಂತೂ ಗಾನಿಶ್ ತನ್ನ ಬೆಟ್ಟದ ಜಿಂಕೆ ಹೊಡೆದೇ ಹೋದ ಅನ್ನು," ಎಂದ.

"ಇಲ್ಲ. ಇದು ಸಾಲ್ಟ್ ವೆಲ್ಸಿನದು," ಎಂದಳು. "ನಾನು ಹೊಡೆದಿದ್ದು."

ಅವಳು ಹಿಂಬಾಗಿಲಿನಿಂದ ಹೊರಗೆ ಹೋಗಿ ನಿಂತಳು. ಅಲ್ಲಿ ಡೆಲ್ಮರ್ ಸಿಗರೇಟು ಸೇದುತ್ತಿದ್ದ. ಅವಳನ್ನು ಕಂಡು ಆರಿಸಿದ.

"ಅವನು ಉಳೀಲಿ ಅಂತ ಮಾಡ್ದೆ ಡೆಲ್ಮರ್," ಎಂದಳು. "ಉಳಿದಿದ್ದು ಐದು ತಿಂಗಳು. ಅದರಲ್ಲಿ ಹನ್ನೊಂದು ವಾರ ನನ್ನ ಜೊತೆ ಮಾತಾಡ್ಲಿಲ್ಲ."

ಡೆಲ್ಮರ್ ಬೂಟಿನ ತುದಿಯಿಂದ ಕಲ್ಲೊಂದನ್ನು ಸರಿಸಿದ. "ಆ ಹನ್ನೊಂದು ವಾರ ದಿನಾ ಬೆಳಗ್ಗೆ ನನಗೆ ಫೋನ್ ಮಾಡ್ತಿದ್ದ ಕಣಮ್ಮ. ನಿನ್ನ ಬಿಟ್ಟು ಬೇರೆ ಮಾತೇ ಇರ್ತಿರಲಿಲ್ಲ. ಒಂದಿನ ಉಪ್ಪೇ ಹಾಕಿಲ್ಲ ನೋಡು, ಹೇಗೋ ತಿಂದೆ ಅಂದ."

"ನನಗೆ ಹೇಳಬಹುದಿತ್ತಲ್ಲ ನೀನು."

"ಹೇಳಬೇಡ ಅಂದಿದ್ದ."

ಅವಳು ಒಳಗೆ ಹೋಗಿ ಉಳಿದ ತಟ್ಟೆಗಳನ್ನು ತೊಳೆದಳು. ಬೇಡ ಬೇಡ ಎಂದರೂ ಕೇಳಲಿಲ್ಲ.

ಗಾನಿಶನ ಇಪ್ಪತ್ತೆರಡು ಪಾಯಿಂಟು ಅವನ ಹೆಸರಿನ ಜೊತೆಗೇ ಹೋಯಿತು, ಅದು ಇನ್ನೊಬ್ಬರಿಗೆ ಬರುವಂಥದ್ದಲ್ಲ. ಮರುವರ್ಷ ಮೇ ತಿಂಗಳಲ್ಲಿ ಅರ್ಜಿಯ ಕೊನೆಯ ದಿನ ಬಂದು ಹೋಯಿತು. ಪಾಸ್ಕಲಿನ್ ಹಾಕಲಿಲ್ಲ. ಆಮೇಲಿನ ವರ್ಷವೂ ಹಾಕಲಿಲ್ಲ. ಶಾಲೆಯ ಅಡುಗೆ ನಡೆದೇ ಇದೆ, ಮಕ್ಕಳಿಗೆ ಬೈಯುವುದು ಮಾತ್ರ ಕಡಿಮೆಯಾಗಿದೆ ಎನ್ನುತ್ತಾರೆ. ಎಲ್ಕೋಗೆ ಸಾಮಾನು ತರಲು ಹೋಗುವಾಗ ಅವಳು ಹೆದ್ದಾರಿ ಬಿಟ್ಟು ಹಳೆಯ ರಸ್ತೆ ಹಿಡಿಯುತ್ತಾಳೆ. ಹನ್ನೆರಡು ಮೈಲಿ ಸುತ್ತು. ಆ ರಸ್ತೆಯಿಂದ ಲ್ಯಾಂಟರ್ನ್ ಬೆಟ್ಟ ಕಾಣುವುದಿಲ್ಲ.